ಮೂಕಿ ಚಿತ್ರದ ಮುತ್ತಜ್ಜಿಯ ಆಟ

ಕೊರೊನಾದ ಆ ದಿನಗಳಲ್ಲಿ ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದಿತ್ತು. ಮಲೇಷ್ಯಾದ ಪುಚೊಂಗ್‌ನ ನಮ್ಮ ಹನ್ನೊಂದನೇ ಮಹಡಿಯ ಮನೆಯಿಂದ ಅಪ್ಪ ಇಳಿದು ಹೋಗಿ ಅಕ್ಕಿ, ಮೊಸರು, ಒಮ್ಮೊಮ್ಮೆ ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದರು. ಅವರು ಸ್ನಾನ ಮುಗಿಸುವವರೆಗೆ ನಾವು ಹತ್ತಿರ ಸುಳಿಯುವಂತಿರಲಿಲ್ಲ. ಮನೆಯಲ್ಲಿ ಸ್ಯಾನಿಟೈಸರ್ ಮತ್ತು ಮೆಂತ್ಯದ ವಾಸನೆ ಬೆರೆತಿರುತ್ತಿತ್ತು. ಮೆಂತ್ಯದ್ದು ಅಜ್ಜಿಯಿಂದ.

ಅಜ್ಜಿ ಮೂರು ವಾರಕ್ಕೆಂದು ಮೈಸೂರಿನಿಂದ ಮಗಳನ್ನು ನೋಡಲು ಬಂದಿದ್ದಳು. ಮಗಳು, ಅಂದರೆ ನನ್ನ ಅಮ್ಮ, ಮೆಲಾಕಾ ರಾಜ್ಯದ ಆಸ್ಪತ್ರೆಯೊಂದರಲ್ಲಿ ವೈದ್ಯೆ. ವಾರಾಂತ್ಯಕ್ಕೆ ಮನೆಗೆ ಬರುತ್ತಿದ್ದಳು. ಒಂದೇ ಒಂದು ವಾರಾಂತ್ಯ ತಾಯಿ ಮಗಳು ಒಟ್ಟಿಗಿದ್ದರು. ಆಮೇಲೆ ವಿಮಾನಗಳು ನಿಂತವು, ರಾಜ್ಯದ ಗಡಿ ದಾಟಬಾರದೆಂದಾಯಿತು. ಎರಡು ಗಂಟೆಯ ದಾರಿ ಫೋನಿನಲ್ಲೇ ಉಳಿಯಿತು. ಅವರ ಮಾತೂ "ಊಟ ಆಯ್ತಾ", "ಬಿಪಿ ಮಾತ್ರೆ ತಗೊಂಡ್ಯಾ" ಎನ್ನುವುದರಲ್ಲಿ ಮುಗಿಯುತ್ತಿತ್ತು. ಮಾತು ಮುಗಿದ ಮೇಲೂ ಅಜ್ಜಿ ಫೋನನ್ನು ಕೈಯಲ್ಲೇ ಹಿಡಿದು ಕೂತಿರುತ್ತಿದ್ದಳು.

ಅಪ್ಪನ ಸೈಬರ್‌ಜಯಾದ ಆಫೀಸು ನಮ್ಮ ಊಟದ ಮೇಜಿಗೆ ಬಂದಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ "ಶ್, ಮೀಟಿಂಗ್!" ಅಜ್ಜಿ ಒಗ್ಗರಣೆ ಹಾಕುವುದಕ್ಕೂ ಮೀಟಿಂಗ್ ಮುಗಿಯಲೆಂದು ಕಾಯುತ್ತಿದ್ದಳು. ನನಗೆ ಹನ್ನೆರಡು ವರ್ಷ. ಗೆಳತಿಯರೆಲ್ಲ ಪರದೆಯ ಮೇಲಿನ ಹೆಸರುಗಳಾಗಿದ್ದರು. ಅಜ್ಜಿ ಕನ್ನಡದಲ್ಲಿ ಕೇಳಿದರೆ ನಾನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಪರ್ಸಿನಿಂದ ಒಂದು ಫೋಟೋ ತೆಗೆದಳು. ಕಾಡಿಗೆ ತೀಡಿದ ದೊಡ್ಡ ಕಣ್ಣುಗಳು, ಹಣೆಯ ಮೇಲೆ ಮುತ್ತಿನ ಸರ.

"ನಮ್ಮಮ್ಮ," ಎಂದಳು ಪಿಸುದನಿಯಲ್ಲಿ. "ಮೂಕಿ ಚಿತ್ರದ ಹೀರೋಯಿನ್ ಕಣೆ."

"ಸೀರಿಯಸ್ಲೀ?"

"ಹೂಂ. ಹದಿನಾರಕ್ಕೇ ನಾಟಕದ ಕಂಪನಿ ಜೊತೆ ಬೊಂಬಾಯಿಗೆ ಹೋದ್ಳು. ಕುದುರೆ ಸವಾರಿ ಬೇರೆ ಕಲ್ತಿದ್ಳು!"

ಏಳೆಂಟು ಚಿತ್ರಗಳಂತೆ. ಅಲ್ಲಿಯ ಭಾಷೆ ಮುತ್ತಜ್ಜಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕ್ಯಾಮೆರಾದ ಮುಂದೆ ತುಟಿ ಆಡಿದರೆ ಸಾಕು. ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಳು, ಎದುರಿನವನು ಮರಾಠಿಯಲ್ಲಿ.

"ಪ್ರೇಮದ ಸೀನು. ಇವಳು ಅವನ ಮುಖ ನೋಡಿ, 'ಈರುಳ್ಳಿ ತಿಂದ್ಕೊಂಡ್ ಬಂದಿದೀಯಲ್ಲೋ ಮೂದೇವಿ, ಆಚೆ ತಿರುಗು' ಅನ್ನೋಳಂತೆ. ತೆರೆ ಮೇಲೆ 'ಪ್ರಾಣನಾಥ, ನಿಮ್ಮನ್ನಗಲಿ ಹೇಗಿರಲಿ' ಅಂತ ಬರ್ದು ತೋರಿಸೋರು. ಆಡೋಳು ಒಬ್ಳು, ಬರೆಯೋನು ಇನ್ನೊಬ್ಬ. ಜನ ಅದನ್ನೇ ಓದ್ಕೊಂಡು ಅಳೋರು."

ನಾನು ನಕ್ಕ ಸದ್ದಿಗೆ ಅಪ್ಪ ಬಾಗಿಲು ಬಡಿದರು.

ಚಿತ್ರಗಳು ಮಾತಾಡತೊಡಗಿದಾಗ ಮುತ್ತಜ್ಜಿಗೆ ಕೆಲಸ ಹೋಯಿತು. ಮೈಸೂರಿಗೆ ಮರಳಿ ಒಬ್ಬ ಮೇಷ್ಟರನ್ನು ಮದುವೆಯಾದಳು. ಆ ಮನೆಯಲ್ಲಿ ಸಿನಿಮಾದ ಸುದ್ದಿ ಎತ್ತುವಂತಿರಲಿಲ್ಲ. ಅದಕ್ಕೇ ಅಡುಗೆಮನೆಯಲ್ಲಿ ಮಗಳನ್ನು ಎದುರು ಕೂರಿಸಿಕೊಂಡು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು. ಮಗಳು ಮಾತು ಹಿಡಿಯಬೇಕು. ಚಿತ್ರಗಳ ಸುರುಳಿ ಒಂದೂ ಉಳಿಯಲಿಲ್ಲ. ಅಜ್ಜಿ ತನ್ನ ತಾಯಿಯ ನಟನೆಯನ್ನು ಕಂಡದ್ದು ಒಲೆಯ ಮುಂದೆ ಮಾತ್ರ.

ಆ ಆಟ ನಮ್ಮದಾಯಿತು. ಇಂಗ್ಲಿಷನ್ನು ತುಟಿಯ ಮೇಲೆ ಓದಲು ಅಜ್ಜಿಗೆ ಬರುತ್ತಿರಲಿಲ್ಲ. ಹಾಗಾಗಿ ನಾನು ಕನ್ನಡಕ್ಕೆ ಬಂದೆ. ನಾನು ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯಗಳಿಗೆ ಸದ್ದಿರಲಿಲ್ಲ. 'ಹಸಿವಾಗ್ತಿದೆ.' 'ಅಪ್ಪ ಮೀಟಿಂಗಲ್ಲಿ ತೂಕಡಿಸ್ತಿದಾರೆ.' ಒಂದು ದಿನ, 'ಅಮ್ಮ ಬೇಕು.' ಅಜ್ಜಿ ಅದನ್ನು ಒಂದೇ ಸಲಕ್ಕೆ ಹಿಡಿದಳು. 'ನಂಗೂ' ಎಂದಿತು ಅವಳ ತುಟಿ.

ಮೇ ತಿಂಗಳ ಕೊನೆಗೆ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ತಿಳಿದದ್ದು ಎರಡೇ ದಿನ ಮುಂಚೆ. ಅಮ್ಮ ಗಡಿ ದಾಟಲು ಅನುಮತಿ ಕೇಳಿದಳು. ಅದು ಬರಲಿಲ್ಲ.

ನಿಲ್ದಾಣದೊಳಗೆ ಪ್ರಯಾಣಿಕರಿಗಷ್ಟೇ ಪ್ರವೇಶ. ಅಜ್ಜಿ ಗಾಜಿನ ಆಚೆ ನಿಂತು ತಿರುಗಿದಳು. ಮಾಸ್ಕನ್ನು ಗಲ್ಲಕ್ಕಿಳಿಸಿದಳು. 'ಅಮ್ಮಂಗೆ ಹೇಳು' ಎಂಬಷ್ಟನ್ನು ಹಿಡಿದೆ. ಮುಂದಿನದು ಉದ್ದವಾಗಿತ್ತು. ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿತ್ತು, ಕಾವಲಿನವನು ನಡುವೆ ಬಂದ, ಮಾಸ್ಕ್ ಮೇಲಕ್ಕೆ ಹೋಯಿತು. ಅರ್ಥವಾಯಿತೆಂದು ತಲೆಯಾಡಿಸಿದೆ.

ಮೈಸೂರು ತಲುಪಿ ಅಜ್ಜಿ ಫೋನ್ ಮಾಡಿದಳು. "ಹೇಳಿದ್ಯೇನೇ ಅಮ್ಮಂಗೆ?"

ಆಟದಲ್ಲಿ ಸೋತೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. "ಹೇಳ್ದೆ ಅಜ್ಜಿ."

"ಏನಂದ್ಳು?"

"ಅತ್ಲು."

"ಸರಿ ಬಿಡು. ಬಾಯ್ಬಿಟ್ಟು ಹೇಳೋಕೆ ನಂಗೆ ಬರಲ್ಲ. ನೀನಿದ್ದೆ, ಒಳ್ಳೇದಾಯ್ತು."

ಮುಂದಿನ ವರ್ಷ ಅದೇ ಕಾಯಿಲೆಗೆ ಅಜ್ಜಿ ಹೋದಳು. ಆಗಲೂ ಅಮ್ಮನಿಗೆ ಹೋಗಲಾಗಲಿಲ್ಲ. ಆ ಸಂಜೆ ಅಮ್ಮ ಕೇಳಿದಳು: "ಅವತ್ತು ಏರ್‌ಪೋರ್ಟಲ್ಲಿ ಅಜ್ಜಿ ಏನಾದ್ರೂ ಹೇಳಿದ್ಲಾ?"

"'ನಿನ್ನ ನೋಡ್ದೆ ಹೋಗ್ತಿದೀನಿ, ಆದ್ರೂ ಬೇಜಾರಿಲ್ಲ, ನೀನು ಅಲ್ಲಿರೋದೇ ಸರಿ' ಅಂದ್ಲು," ಎಂದೆ. ಆಗ ಅಮ್ಮ ನಿಜಕ್ಕೂ ಅತ್ತಳು.

ಈಗ ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಬೇಕಾದರೂ ಮಾತಾಡಬಹುದು. ನನ್ನ ಕನ್ನಡ ಚೆನ್ನಾಗಿದೆ ಎಂದು ನೆಂಟರು ಮೆಚ್ಚುತ್ತಾರೆ. ಸದ್ದಿಲ್ಲದೆ ಆಡಿದರೆ ಹಿಡಿಯುವವರು ಮಾತ್ರ ಯಾರೂ ಉಳಿದಿಲ್ಲ. ಮುತ್ತಜ್ಜಿಯ ಸುರುಳಿಗಳಂತೆ ಗಾಜಿನಾಚೆಯ ಆ ಅರ್ಧ ನಿಮಿಷವೂ ಹೋಯಿತು. ಆ ಸಂಜೆ ನಾನಂದದ್ದನ್ನು ಅಮ್ಮ ಈಗಲೂ ತನ್ನ ತಾಯಿಯ ಮಾತೆಂದೇ ಎಲ್ಲರಿಗೂ ಹೇಳುತ್ತಾಳೆ. ತೆರೆಯ ಮೇಲೆ ಅದನ್ನು ಬರೆದವಳು ನಾನು. ಈ ಬರಹವನ್ನು ಮೊದಲು ಅಮ್ಮನ ಕೈಗೇ ಕೊಡುತ್ತಿದ್ದೇನೆ.