ಸಕ್ಕರೆ ಹಾಕಿ ಮರಳಿದ ಡಬ್ಬಿ

ಭೂತ ಪ್ರೇತದ ಮಾತು ಬಂದರೆ ನಗುತ್ತಿದ್ದವಳು ನಾನು. ಅದೆಲ್ಲ ಮನಸ್ಸಿನ ಭ್ರಮೆ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು, ನಂಬಿದ್ದೆ. ಈಗ ಏನು ನಂಬಬೇಕೆಂದೇ ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದಿನ ಆ ಒಂದು ದಿನವನ್ನು ಕಂಡ ಹಾಗೆ ಬರೆಯುತ್ತೇನೆ. ಓದಿ ನೀವು ಏನಾದರೂ ಅಂದುಕೊಳ್ಳಿ.

ಬೆಳಿಗ್ಗೆ ಎಂದಿನಂತೆ ಇಡ್ಲಿ ಬೇಯಲು ಇಟ್ಟು, ಮಲಗಿದ್ದ ನನ್ನ ಯಜಮಾನರ ಮೈ ಒರೆಸಿ, ಚಾದರ ಬದಲಿಸಿದ್ದೆ. ಡೊಂಬಿವಲಿಯ ನಮ್ಮ ಮನೆ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಕುರ್ಚಿಯಲ್ಲಿ ಎತ್ತಿ ತಂದ ಮೇಲೆ ಇವರು ಮೆಟ್ಟಿಲು ಕಂಡಿರಲಿಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವಾಗ ಟೆಂಪೊ ಗುದ್ದಿ ಬಲಗಾಲು ಮುರಿದಿತ್ತು. ರಾಡ್ ಹಾಕಿದರೂ ಎಲುಬು ಕೂಡಲಿಲ್ಲ. ಇನ್ನೊಂದು ಆಪರೇಷನ್ ಆಗದೆ ಇವರು ಏಳುವಂತಿರಲಿಲ್ಲ. ಅದರ ಖರ್ಚನ್ನೂ ಸೇರಿಸಿ ಠಾಣೆಯ ಕೋರ್ಟಿನಲ್ಲಿ ಕ್ಲೇಮ್ ಹಾಕಿದ್ದೆವು. ಟೆಂಪೊದ ಇನ್ಶೂರೆನ್ಸಿನವರದು ಒಂದೇ ಹಟ: ಗಾಯ ಮಾಗಿದೆ, ಮನುಷ್ಯ ನಡೆದಾಡುತ್ತಾನೆ, ಇನ್ನು ಆಪರೇಷನ್ ಯಾಕೆ? ಅವರ ಜನ ಬಂದು ಅಕ್ಕಪಕ್ಕ ವಿಚಾರಿಸಬಹುದೆಂದು ವಕೀಲರು ಹೇಳಿದ್ದರು. ಬಂದು ನೋಡಲಿ, ನಮಗೇನು ಹೆದರಿಕೆ ಎಂದುಕೊಂಡಿದ್ದೆ.

ಹಾಲಿನ ಪ್ಯಾಕೆಟ್ ತೆಗೆಯಲು ಬಾಗಿಲು ತೆರೆದರೆ ಹೊರಗಿನ ಚಿಲಕಕ್ಕೆ ಇವರ ಬುತ್ತಿಚೀಲ ತೂಗುತ್ತಿತ್ತು. ಅಪಘಾತದ ದಿನ ರಸ್ತೆಯಲ್ಲೇ ಕಳೆದುಹೋದದ್ದು. ಹೋಟೆಲಿನವರಾದರೂ ಇವರಿಗೆ ಮಧ್ಯಾಹ್ನಕ್ಕೆ ಮನೆಯ ಕುಚ್ಚಲಕ್ಕಿ ಅನ್ನವೇ ಬೇಕಿತ್ತು. ಒಳಗೆ ಅದೇ ಸ್ಟೀಲಿನ ಡಬ್ಬಿ. ಒಂದು ಬದಿ ನಗ್ಗಿತ್ತು. ಕಲ್ಯಾಣದ ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಇವರ ಹೆಸರು ಮಾತ್ರ ಹಾಗೆಯೇ ಇತ್ತು. ಮುಚ್ಚಳ ತೆಗೆದೆ. ತೊಳೆದು ಒರೆಸಿದ ತಳದಲ್ಲಿ ಒಂದು ಚಿಟಿಕೆ ಸಕ್ಕರೆ. ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬುದು ನಮ್ಮ ಉಡುಪಿ ಕಡೆಯ ಮನೆಗಳ ಪದ್ಧತಿ.

“ಯಾರೋ ನಮ್ಮ ಊರಿನವರೇ ಮಾರಾಯ್ತಿ! ಬೇರೆ ಯಾರು ಸಕ್ಕರೆ ಹಾಕ್ತಾರೆ?” ಎಂದರು ಇವರು. ಬಹಳ ದಿನಗಳ ಮೇಲೆ ಅವರ ಮುಖ ಅರಳಿತ್ತು. ಡಬ್ಬಿಯ ಮೇಲೆ ಮನೆಯ ವಿಳಾಸವಿಲ್ಲವಲ್ಲ ಎಂದು ನಾನು ಹೇಳಲಿಲ್ಲ. ಚೀಲದ ದಾರಕ್ಕೆ ಇವರು ಹಾಕುವ ಹಾಗೆಯೇ ಒಂದರ ಮೇಲೊಂದು ಗಂಟು ಬಿದ್ದಿತ್ತು, ಅದನ್ನೂ ಹೇಳಲಿಲ್ಲ. ಹಾಗೆ ಗಂಟು ಹಾಕುವವರು ಬೇಕಾದಷ್ಟು ಜನ ಇರಬಹುದು. ಕೆಳಗೆ ಹೋಗಿ ಕೇಳಿದರೆ, ಹೊರಗಿನವರು ಯಾರೂ ಬರಲಿಲ್ಲವೆಂದ ವಾಚ್‌ಮನ್.

ಆ ಡಬ್ಬಿ ಈಗಲೂ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ. ಅದರಲ್ಲಿ ನಾನು ಏನೂ ಹಾಕಿಡುವುದಿಲ್ಲ. ಇವರು ಈಗಲೂ ಮಂಚದಲ್ಲೇ ಇದ್ದಾರೆ.

ಆ ದಿನ ಸಂಜೆ ಕಸದ ಬುಟ್ಟಿ ಹೊರಗಿಡಲು ಹೋದೆ. ಎದುರು ಮನೆಯ ಕಸ್ತೂರಿ ಹೊಸ್ತಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಬಾಗಲಕೋಟೆಯವಳು, ತಿಂಗಳುಗಟ್ಟಲೆ ಊರಲ್ಲಿದ್ದು ಹಿಂದಿನ ರಾತ್ರಿಯಷ್ಟೇ ಮರಳಿದ್ದಳು. ನಮಗೆ ಕೇಡು ಬಯಸುವವಳಲ್ಲ. ಸೊಪ್ಪಿನಿಂದ ತಲೆ ಎತ್ತದೆಯೇ ಅಂದಳು:

“ಏನ್ರೀ ಅಕ್ಕಾರ, ಮನಿಯವ್ರು ಅಡ್ಡಾಡಾಕ ಹತ್ಯಾರ, ನಮಗೊಂದು ಪೇಢಾನೂ ಇಲ್ಲೇನು? ಮುಂಜಾನೆ ಡಬ್ಬಿ ಹಿಡ್ಕೊಂಡು ಮೆಟ್ಟಲಾ ಹತ್ತಿ ಬಂದ್ರು. ಆರಾಮದೀರೇನ್ರಿ ಅಂದ್ರ ನಕ್ಕು ಸುಮ್ಮನಾದ್ರು. ಮಧ್ಯಾಹ್ನ ಗೇಟಿನ್ಯಾಗ ಇನ್ಶೂರೆನ್ಸಿನವ ಒಬ್ಬಾಂವ ಕೇಳ್ತಿದ್ದ. ಛಲೋ ನಡೀತಾರಪಾ, ನಾನೇ ಕಣ್ಣಾರೆ ನೋಡೀನಿ ಅಂತ ಹೇಳಿ ಕಳಿಸೀನಿ.”