ವಿಲ್ಬರ್ಟ್ ಕಳಚಿ ಒಯ್ದ ನಾಲ್ಕು ಗಾಲಿ

ವಿಲ್ಬರ್ಟ್ ಮೆನಿಗೋಟ್ಸ್ ಟೈರ್ ಆರಿಸಲು ಬಂದ ದಿನ ನಮ್ಮ ಅಂಗಡಿಯ ಯಜಮಾನ ಬೇಸತ್ತು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ನಾನು ಅಮೆರಿಕದ ಗ್ಯಾಲಪ್ ಊರಿನ ಒಂದು ಟೈರ್ ಅಂಗಡಿಯಲ್ಲಿ ಗಾಲಿ ಬಿಚ್ಚಿ ಹಾಕುವ ಕೆಲಸದವನು. ವಿಲ್ಬರ್ಟ್‌ಗೂ ನನಗೂ ರಕ್ತಸಂಬಂಧ ಹುಡುಕಿದರೆ ಸಿಗಲಿಕ್ಕಿಲ್ಲ. ಆದರೆ ತಾಯಿ ಕಡೆಯಿಂದ ಇಬ್ಬರದೂ ಒಂದೇ ಬಳಿ, ಒಂದೇ ಕುಲ, ಹಾಗಾಗಿ ಅವನು ನನಗೆ ಅಣ್ಣ. ಈ ನಾಡಿನ ಮೂಲನಿವಾಸಿಗಳಾದ ನಮ್ಮ ನವಾಹೋ ಜನರಲ್ಲಿ ಅಷ್ಟಿದ್ದರೆ ಸಾಕು.

ವಿಲ್ಬರ್ಟ್ ಹೆಚ್ಚು ಮಾತಿನವನಲ್ಲ. ಹರೆಯದಲ್ಲಿ ರೈಲು ಹಳಿ ರಿಪೇರಿ ಗುಂಪಿನಲ್ಲಿ ದುಡಿದವನು, ಮದುವೆಯಾದ ಮೇಲೆ ನಮ್ಮ ರೂಢಿಯಂತೆ ಹೆಂಡತಿಯ ತಾಯಿಯ ಜಾಗಕ್ಕೆ ಹೋಗಿ ನೆಲೆಸಿದ. ಆ ಜಾಗದ ಹೆಸರು ಉಪ್ಪುಬಾವಿ. ಟಾರು ರಸ್ತೆ ಬಿಟ್ಟ ಮೇಲೆ ಬಹಳ ದೂರ ಮಣ್ಣಿನ ದಾರಿ. ಬೇಸಿಗೆಯಲ್ಲಿ ಮರಳು, ಮಳೆ ಬಿದ್ದರೆ ಜಿಗುಟು ಜೇಡಿ, ಚಳಿಗಾಲದಲ್ಲಿ ಹಿಮ. ಹೆಸರಿಗೆ ಬಾವಿ ಇದ್ದರೂ ಅಲ್ಲಿನ ನೀರು ಕುರಿಗಳಿಗೆ ಮಾತ್ರ, ಮನುಷ್ಯರು ಕುಡಿಯಬಾರದೆಂದು ಗಾಳಿಯಂತ್ರದ ಕಂಬಕ್ಕೆ ಹಲಗೆ ಹೊಡೆದಿದ್ದಾರೆ. ಕುಡಿಯುವ ನೀರನ್ನು ಪಂಚಾಯತಿ ಕಟ್ಟಡದ ನಲ್ಲಿಯಿಂದ ಪಿಕಪ್ಪಿನ ಬೆನ್ನ ಮೇಲಿನ ಟ್ಯಾಂಕಿಗೆ ತುಂಬಿ ತರಬೇಕು. ತರುವವನು ವಿಲ್ಬರ್ಟ್. ತನ್ನ ಮನೆಗೂ ಅವನೇ, ಕೂಗಳತೆಯಲ್ಲಿದ್ದ ಅತ್ತೆಯ ಮನೆಗೂ ಅವನೇ, ನಾದಿನಿ ಅರ್ಲೀನಳ ಮನೆಗೂ ಅವನೇ.

ಅತ್ತೆಯ ಮುಖವನ್ನು ಅಳಿಯ ನೋಡಬಾರದು, ಅಳಿಯನ ಮುಖವನ್ನು ಅತ್ತೆ ನೋಡಬಾರದು ಎಂಬ ಮಾತನ್ನು ಈಗ ಎಲ್ಲರೂ ಪಾಲಿಸುವುದಿಲ್ಲ. ಆ ಮುದುಕಿ ಪಾಲಿಸುತ್ತಿದ್ದಳು. ವಿಲ್ಬರ್ಟ್ ಕುರಿದೊಡ್ಡಿಯ ಹತ್ತಿರ ಬಂದಾಗಲೇ ಹಾರ್ನ್ ಹೊಡೆಯುತ್ತಿದ್ದ. ಅವಳು ಒಳಗೆ ಸರಿದು ಬಾಗಿಲಿಗೆ ಕಂಬಳಿ ಎಳೆದುಕೊಳ್ಳುತ್ತಿದ್ದಳು. ಅವನು ಪೀಪಾಯಿಗಳಿಗೆ ನೀರು ತುಂಬಿ ಹೊರಟುಹೋಗುತ್ತಿದ್ದ. ಅಷ್ಟು ವರ್ಷ ಹೀಗೇ ನಡೆಯಿತು. ಅವಳಿಗೇನಾದರೂ ಬೇಕಾದರೆ ಮಗಳಿಗೆ ಹೇಳುತ್ತಿದ್ದಳು, ಮಗಳು ಗಂಡನಿಗೆ ಹೇಳುತ್ತಿದ್ದಳು.

ಆ ಮಗಳ ಹೆಸರನ್ನು ನಾನು ಹೇಳುವುದಿಲ್ಲ. ನಮ್ಮಲ್ಲಿ ತೀರಿಹೋದವರ ಹೆಸರು ಹಿಡಿಯುವುದಿಲ್ಲ. ನನಗೆ ಅತ್ತಿಗೆ ಎಂದರೆ ಸಾಕು. ಅತ್ತಿಗೆಗೆ ಸಕ್ಕರೆ ಕಾಯಿಲೆ ಏರಿ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಗ್ಯಾಲಪ್‌ಗೆ ಬರಬೇಕು. ಪಿಕಪ್ ಅವಳದೇ, ಕಂಬಳಿ ನೇಯ್ದು ಮಾರಿ ತನ್ನ ಹೆಸರಿನಲ್ಲಿ ತೆಗೆದುಕೊಂಡದ್ದು. ಅದರ ಟೈರ್‌ಗಳು ಸವೆದು ಬೋಳಾಗಿದ್ದವು. ವಿಲ್ಬರ್ಟ್ ಆ ಬೇಸಿಗೆ ಮತ್ತೆ ಹಳಿ ಕೆಲಸಕ್ಕೆ ಸೇರಿ, ತನ್ನ ಅರ್ಧ ವಯಸ್ಸಿನವರ ಜೊತೆ ಮೊಳೆ ಹೊಡೆದು, ಹಿಮ ಬೀಳುವ ಮೊದಲು ಹೊಸ ಟೈರ್‌ಗಾಗಿ ನಮ್ಮಲ್ಲಿಗೆ ಬಂದ. ಜೊತೆಯಲ್ಲಿ ಅತ್ತಿಗೆ ಮತ್ತು ಅರ್ಲೀನ್.

ಅರ್ಲೀನ್ ಅತ್ತಿಗೆಯ ತಂಗಿ. ಗಟ್ಟಿ ಗಂಟಲು, ದೊಡ್ಡ ನಗು. ಅವಳು ಬಂದವಳೇ ಟಾರು ರಸ್ತೆಯ ನುಣುಪು ಟೈರನ್ನು ಕಾಲಿನಿಂದ ಒದ್ದು ತೋರಿಸಿದಳು.

“ಇದನ್ನ ಹಾಕ್ಸು ಭಾವ. ಸದ್ದು ಬರಲ್ಲ, ಬೇಗ ಸವೆಯಲ್ಲ. ನಾವು ಓಡಾಡೋದು ಜಾಸ್ತಿ ಟಾರಲ್ಲೇ ಅಲ್ವಾ?”

“ಟಾರಿನವರೆಗೆ ಹೋಗೋದು ಹೇಗೆ?” ಎಂದ ವಿಲ್ಬರ್ಟ್.

“ಹಾಗಾದ್ರೆ ಆ ದಪ್ಪ ಬಟನ್ನಿಂದು ಹಾಕ್ಸು. ಕೆಸರಲ್ಲಿ ಎಮ್ಮೆ ಥರ ಹೋಗತ್ತೆ.”

“ಅದು ಟಾರಲ್ಲಿ ಗೊರಗೊರ ಅನ್ನತ್ತೆ. ಆಸ್ಪತ್ರೆಯಿಂದ ವಾಪಸ್ ಬರೋವಾಗ ಇವಳಿಗೆ ನಿದ್ದೆ ಬರಬೇಕು. ಮಂಜುಗಡ್ಡೆ ಮೇಲೆ ಜಾರತ್ತೆ ಬೇರೆ.”

ಅವನು ಒಂದೊಂದು ಟೈರಿನ ಮುಂದೆಯೂ ಕೂತು, ಗ್ರಿಪ್ಪಿನ ಸಂದಿಗೆ ಹೆಬ್ಬೆರಳು ಹಾಕಿ ಆಳ ನೋಡುತ್ತಿದ್ದ. ಪಕ್ಕದ ಗೋಡೆಯನ್ನು ಒತ್ತಿ ನೋಡುತ್ತಿದ್ದ. ನಮ್ಮ ಕಡೆ ಮುರಿದ ಕುರುಚಲು ಗಿಡದ ಬುಡ ಚುಚ್ಚುವುದು ಅಲ್ಲೇ. ತುಂಬಿದ ಟ್ಯಾಂಕಿನ ಭಾರ ಹೊರುತ್ತದೆಯೇ ಎಂದು ನನ್ನನ್ನು ಕೇಳಿದ. ಕೇಳಿದ್ದನ್ನೇ ಮತ್ತೆ ಕೇಳಿದ. ಯಜಮಾನ ಒಳಗೆ ಹೋದದ್ದು ಆಗಲೇ.

“ಏನ್ ಭಾವ, ಟೈರನ್ನ ಮದುವೆ ಆಗ್ತಾ ಇದೀಯಾ?” ಎಂದಳು ಅರ್ಲೀನ್.

ಅತ್ತಿಗೆ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. “ನನ್ನ ಮದುವೆ ಆಗೋವಾಗ ಇಷ್ಟೊತ್ತು ನೋಡಿರ್ಲಿಲ್ಲ,” ಎಂದಳು. “ಒಂದೇ ಸಲ ನೋಡಿ ಹೂಂ ಅಂದುಬಿಟ್ಟ. ಈಗ ಬುದ್ಧಿ ಬಂದಿದೆ.”

ನಾನು ನಕ್ಕೆ. ವಿಲ್ಬರ್ಟ್ ಕೂಡ ತಲೆ ತಗ್ಗಿಸಿಕೊಂಡು ನಕ್ಕ. ಕೊನೆಗೆ ಅವನು ಎಲ್ಲ ದಾರಿಗೂ ಆಗುವ ನಡುವಿನ ಜಾತಿಯ ಟೈರ್ ಆರಿಸಿದ. ಮರಳಿಗೂ ಆಗಬೇಕು, ಟಾರಿಗೂ ಆಗಬೇಕು, ಹಿಮಕ್ಕೂ ಆಗಬೇಕು. ಟೈರ್ ಕೂರುವ ಹಳೆಯ ಕಬ್ಬಿಣದ ಡಿಸ್ಕ್‌ಗಳು ತುಕ್ಕು ಹಿಡಿದಿದ್ದವು, ಅವನ್ನೂ ಹೊಸದಾಗಿ ತೆಗೆದುಕೊಂಡ. ಹಣವನ್ನು ಎಣಿಸದೆ ಮೇಜಿನ ಮೇಲಿಟ್ಟ.

ಆ ಚಳಿಗಾಲ ಕೆಟ್ಟದಾಗಿತ್ತು. ಉಪ್ಪುಬಾವಿಯ ದಾರಿ ಸೊಂಟದವರೆಗೆ ಹಿಮದಲ್ಲಿ ಮುಳುಗಿತು, ಕರಗಿದಾಗ ಜೇಡಿಯಾಯಿತು, ರಾತ್ರಿ ಹೆಪ್ಪುಗಟ್ಟಿ ಗಾಜಾಯಿತು. ಅರ್ಲೀನಳ ಕಾರು ಎರಡು ಸಲ ಹಳ್ಳಕ್ಕೆ ಇಳಿದು ನಿಂತಿತು, ಎರಡು ಸಲವೂ ವಿಲ್ಬರ್ಟ್ ಸರಪಳಿ ಕಟ್ಟಿ ಎಳೆದ. ಅತ್ತಿಗೆಯ ಡಯಾಲಿಸಿಸ್ ಒಂದು ಸಲವೂ ತಪ್ಪಲಿಲ್ಲ. ಟೈರ್ ಎಲ್ಲೂ ಕೈಕೊಡಲಿಲ್ಲ. ವಸಂತದ ಗಾಳಿ ಶುರುವಾದಾಗ, ದಾರಿ ಒಣಗಿ ಗಟ್ಟಿಯಾಗಿದ್ದ ಒಂದು ಒಳ್ಳೆಯ ದಿನ, ಆಸ್ಪತ್ರೆಯ ಕುರ್ಚಿಯಲ್ಲೇ ಅತ್ತಿಗೆಯ ಎದೆಬಡಿತ ನಿಂತಿತು. ವಿಲ್ಬರ್ಟ್ ಹೊರಗೆ ಪಿಕಪ್ಪಿನಲ್ಲಿ ಕಾಯುತ್ತಿದ್ದ.

ನಾಲ್ಕು ದಿನದ ಸೂತಕ ಮುಗಿಯಿತು. ಐದನೆಯ ದಿನ ಅರ್ಲೀನ್ ಬಂದು ಅವನ ಬಾಗಿಲಲ್ಲಿ ನಿಂತಳು. ಅವಳೇನೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತೋ ಏನೋ.

“ಭಾವ, ಇದು ಅಮ್ಮನ ಜಾಗ. ನಿನಗೆ ಗೊತ್ತು,” ಎಂದಳು. “ನನ್ನ ಮಗಳು ಮೂರು ಜನರ ಜೊತೆ ಒಂದೇ ಕೋಣೇಲಿ ಮಲಗ್ತಾಳೆ. ಅವಳಿಗೂ ಅವಳ ಗಂಡನಿಗೂ ಒಂದು ಮನೆ ಬೇಕು. ನಿನಗೆ ನಿನ್ನ ಅಕ್ಕ ಇದ್ದಾಳಲ್ಲ.”

“ಪಿಕಪ್?”

“ಅದು ನಮ್ಮಕ್ಕನ ಹೆಸರಲ್ಲಿತ್ತು. ಅಕ್ಕಂದು ಅಂದ್ರೆ ನಮ್ಮ ಕಡೆಯದೇ ತಾನೇ? ನೀರು ತರೋಕೆ ಇಲ್ಲೊಂದು ಗಾಡಿ ಬೇಕು.”

“ನೀರು ತರೋನು ನಾನು.”

“ಅಳಿಯ ತರ್ತಾನೆ ಬಿಡು,” ಎಂದಳು ಅರ್ಲೀನ್. ಮಗಳ ಗಂಡ ಎಂದು ಅವಳು ಹೇಳುತ್ತಿದ್ದ ಹುಡುಗ ಫೀನಿಕ್ಸ್ ಕಡೆಯವನು, ಅವನಿಗೆ ಮರಳಿನಲ್ಲಿ ಗಾಡಿ ಓಡಿಸಲು ಬರುತ್ತಿರಲಿಲ್ಲ.

“ಅತ್ತೆ ಏನಂದ್ರು?” ಎಂದು ವಿಲ್ಬರ್ಟ್ ಕೇಳಿದ.

“ಅಮ್ಮ ಏನೂ ಅನ್ನಲಿಲ್ಲ.”

ವಿಲ್ಬರ್ಟ್ ಎರಡು ದಿನ ಕಾದ. ಮುದುಕಿ ಯಾರ ಬಾಯಲ್ಲಾದರೂ ಒಂದು ಮಾತು ಹೇಳಿ ಕಳಿಸುತ್ತಾಳೆ ಎಂದು ಕಾದ. ಇರು ಅನ್ನದಿದ್ದರೆ ಬೇಡ, ಹೋಗು ಎಂದಾದರೂ ಹೇಳಲಿ ಎಂದು ಕಾದ. ನೀರು ತುಂಬಲು ಹೋದಾಗ ಎಂದಿನಂತೆ ಹಾರ್ನ್ ಹೊಡೆದ. ಕಂಬಳಿ ಇಳಿಯಿತು. ಪೀಪಾಯಿ ತುಂಬಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದನಂತೆ. ಒಳಗಿನಿಂದ ಒಂದು ಕೆಮ್ಮೂ ಕೇಳಲಿಲ್ಲ.

ಮಾರನೆಯ ಮಧ್ಯಾಹ್ನ ಅವನ ಅಕ್ಕ ಬೆಸ್ಸಿ ತನ್ನ ಗಾಡಿ ತಂದಳು. ಅವನು ಬಟ್ಟೆಯ ಗಂಟನ್ನೂ ಸಲಕರಣೆ ಪೆಟ್ಟಿಗೆಯನ್ನೂ ಹಾಕಿದ. ಆಮೇಲೆ ಜಾಕ್ ತೆಗೆದುಕೊಂಡು ಪಿಕಪ್ಪಿನ ಕೆಳಗೆ ಮಲಗಿದ. ಬೆಸ್ಸಿಗೆ ಮೊದಲು ಅರ್ಥವಾಗಲಿಲ್ಲ. ಅವನು ಮರದ ದಿಮ್ಮಿಗಳನ್ನು ಒತ್ತುಕೊಟ್ಟು ಪಿಕಪ್ಪನ್ನು ಎತ್ತಿ ನಿಲ್ಲಿಸಿ, ನಾಲ್ಕೂ ಗಾಲಿಗಳನ್ನು ಡಿಸ್ಕ್ ಸಮೇತ ಬಿಚ್ಚಿ ಅವಳ ಗಾಡಿಗೆ ಹಾಕಿದ.

“ಅಲ್ಲೋ, ಇಷ್ಟು ವರ್ಷ ಬಾಳಿದ ಮನೇಲಿ ನಿನಗೆ ಸಿಕ್ಕಿದ್ದು ಇದೇನಾ?” ಎಂದಳು ಬೆಸ್ಸಿ.

“ಇದು ಮಾತ್ರ ನಂದು ಅಕ್ಕ. ನಡಿ.”

ಅರ್ಲೀನ್ ತನ್ನ ಬಾಗಿಲಲ್ಲಿ ಕೈಕಟ್ಟಿ ನೋಡುತ್ತಿದ್ದಳು. ತಡೆಯಲಿಲ್ಲ. “ತಗೊಂಡು ಹೋಗು, ತಗೊಂಡು ಹೋಗು. ದಿಂಬಿಗೆ ಆಗತ್ತೆ,” ಎಂದು ಕೂಗಿ ಹೇಳಿದಳು. ಮುದುಕಿಯ ಮನೆಯ ಕಂಬಳಿ ಕೆಳಗೇ ಇತ್ತು.

ಕೆಲವು ವಾರದ ಮೇಲೆ ವಿಲ್ಬರ್ಟ್ ಆ ಗಾಲಿಗಳನ್ನು ನಮ್ಮ ಅಂಗಡಿಗೆ ತಂದ. ಬೆಸ್ಸಿಯ ಗಾಡಿಗೆ ಆರು ಬೋಲ್ಟು, ಇವಕ್ಕೆ ಎಂಟು, ಹೊಂದಲಿಲ್ಲ. ಯಜಮಾನ ಹಳೆಯ ಮಾಲಿನ ಬೆಲೆ ಹೇಳಿದ. ಅಷ್ಟಕ್ಕೆ ಕೊಡುವುದಾದರೆ ಹಳ್ಳಕ್ಕೆ ಹಾಕುತ್ತೇನೆ ಎಂದ ವಿಲ್ಬರ್ಟ್. ಅದಕ್ಕೆ ಮೊದಲು ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ನಾನು ಅವನನ್ನು ಕರಿದ ರೊಟ್ಟಿ, ಕುರಿ ಸಾರು ಮಾರುವ ಗೂಡಂಗಡಿಗೆ ಕರೆದುಕೊಂಡು ಹೋದೆ. ಅವನು ಸಾರು ತಣ್ಣಗಾಗುವವರೆಗೂ ನೋಡುತ್ತ ಕೂತಿದ್ದ.

“ಆ ಮುದುಕಿ ಒಂದು ಮಾತು ಹೇಳಿ ಕಳಿಸಲಿಲ್ಲ ತಮ್ಮ,” ಎಂದ. “ಒಂದು ನಾಯಿ ಸಾಕಿದ್ರೂ ಹೋಗೋವಾಗ ಹಚಾ ಅಂತಾರೆ.”

“ನೀರು ಈಗ ಯಾರು ತರ್ತಾರೆ?” ಎಂದು ಕೇಳಿದೆ.

“ಅಳಿಯ ತರ್ತಾನಂತೆ,” ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿದ್ದ ಖುಷಿ ನನಗೆ ಸೇರಲಿಲ್ಲ.

ಅಳಿಯ ತರಲಿಲ್ಲ. ಅದು ಗೊತ್ತಾದದ್ದು ಬಿರುಬೇಸಿಗೆಯಲ್ಲಿ, ಅರ್ಲೀನ್ ಹಳೆಯ ಟೈರ್ ಹುಡುಕಿಕೊಂಡು ಅಂಗಡಿಗೆ ಬಂದಾಗ. ಗಟ್ಟಿ ಗಂಟಲು ಇಳಿದಿತ್ತು. ಟೈರ್ ಯಾರು ತರಬೇಕೆಂದು ಅವಳಿಗೂ ಮಗಳಿಗೂ ಜಗಳವಾಗಿ ವಾರಗಳು ಕಳೆದವಂತೆ. ಅಷ್ಟರಲ್ಲಿ ಹುಡುಗನ ಕಾರಿನಲ್ಲಿ ಡಬ್ಬಿಗಳಲ್ಲಿ ಒಂದಿಷ್ಟು ನೀರು ಬರುತ್ತಿತ್ತು, ಕಾರು ಮರಳಿನಲ್ಲಿ ಹೂತ ದಿನ ಬರುತ್ತಿರಲಿಲ್ಲ. ಮುದುಕಿ ಯಾರಿಗೂ ಹೇಳದೆ ಕುರಿತೊಟ್ಟಿಯ ನೀರು ಕುಡಿದಿದ್ದಳು. ಹೊಟ್ಟೆ ಕೆಟ್ಟು, ಸೋತು, ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯವರು ಮನೆಗೆ ಕಳಿಸಲಿಲ್ಲ. ನೀರಿಲ್ಲದ ಮನೆಗೆ ಇಂಥವರನ್ನು ಕಳಿಸಲಾಗದು ಎಂದು ಪಟ್ಟಣದ ವೃದ್ಧರ ಮನೆಗೆ ಸೇರಿಸಿದರು.

“ನಿನ್ನ ಅಣ್ಣನಿಗೆ ಹೇಳು,” ಎಂದಳು ಅರ್ಲೀನ್. “ಗಾಲಿ ಒಯ್ದದ್ದರಿಂದ ಏನಾಯ್ತು ಅಂತ ಹೇಳು.”

“ಮನೆಯಿಂದ ಓಡಿಸಿದ್ದರಿಂದ ಏನಾಯ್ತು ಅಂತ ನೀನು ಯಾರಿಗೆ ಹೇಳ್ತೀಯ ಅರ್ಲೀನ್?” ಎಂದೆ. ಅವಳು ಡಿಸ್ಕ್ ಸಮೇತ ನುಣುಪು ಟೈರ್ ನಾಲ್ಕು ಆರಿಸಿ, ಹಣ ಕೊಟ್ಟು ಹೋದಳು.

ವಿಲ್ಬರ್ಟ್‌ಗೆ ನಾನೇ ಹೇಳಿದೆ. ಅವನು ಅವತ್ತೇ ನನ್ನ ಜೊತೆ ವೃದ್ಧರ ಮನೆಗೆ ಹೊರಟ. ಆದರೆ ಒಳಗೆ ಬರಲಿಲ್ಲ. ಹೇಗೆ ಬಂದಾನು? ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತ. ನಾನು ಒಳಗೆ ಹೋದೆ. ಮುದುಕಿ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದಳು, ಬಹಳ ಚಿಕ್ಕವಳಾಗಿ ಕಂಡಳು.

“ಅಜ್ಜಿ, ನಿಮ್ಮ ಅಳಿಯ ಹೊರಗಿದ್ದಾನೆ,” ಎಂದೆ.

ಅವಳು ತಕ್ಷಣ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಒಳಗಿನಿಂದಲೇ ಮಾತಾಡಿದಳು.

“ಅವನು ಯಾಕೆ ಬಿಟ್ಟುಹೋದ ಅಂತ ಕೇಳು. ತನಗೆ ಸಾಕಾಯ್ತು, ಅಕ್ಕನ ಮನೆಗೆ ಹೋಗ್ತೀನಿ ಅಂದನಂತೆ. ಅರ್ಲೀನ್ ಹೇಳಿದಳು. ಅಷ್ಟು ದಿನ ನೀರು ತಂದವನು ಹೋಗೋವಾಗ ಒಂದು ಮಾತು ಹೇಳಿ ಕಳಿಸಬಾರದಿತ್ತಾ?”

ನಾನು ಹೊರಗೆ ಬಂದು ಹೇಳಿದೆ. ವಿಲ್ಬರ್ಟ್ ಗೋಡೆ ಬಿಟ್ಟು ನೆಟ್ಟಗೆ ನಿಂತ. ಆಮೇಲೆ, “ನಾನು ಹಾಗೆ ಅನ್ನಲಿಲ್ಲ ಅಂತ ಹೇಳು. ಅತ್ತೆಯೇ ನನ್ನ ಕಳಿಸಿದ್ರು ಅಂತ ನಾನು ತಿಳ್ಕೊಂಡಿದ್ದೆ ಅಂತ ಹೇಳು,” ಎಂದ.

ಒಳಗೆ ಹೋಗಿ ಹೇಳಿದೆ.

“ಗಾಲಿ ಬಿಚ್ಚಿದ್ದು ಅವನೇ ತಾನೇ?” ಎಂದಳು ಮುದುಕಿ.

“ಹೌದು ಅಜ್ಜಿ.”

“ಬಿಚ್ಚೋವಾಗ ನಾನು ಕಂಬಳಿ ಸಂದಿಯಿಂದ ನೋಡಿದೆ. ನೋಡಬಾರದಿತ್ತು. ರಿಪೇರಿ ಮಾಡ್ತಿದ್ದಾನೆ ಅಂದ್ಕೊಂಡೆ.” ಆಮೇಲೆ, “ಹೋಗು ಅನ್ನು ಅವನಿಗೆ. ಬಿಸಿಲಿದೆ,” ಎಂದಳು.

ಆ ಮಾತು ಸಿಟ್ಟಿನದೋ ಕರುಣೆಯದೋ ನನಗೆ ಗೊತ್ತಾಗಲಿಲ್ಲ. ಅವನಿಗೆ ಹೋಗು ಅಂದರು ಎಂದಷ್ಟೇ ಹೇಳಿದೆ. ಅವನು ತಲೆಯಾಡಿಸಿ ನಡೆದ.

ಅವನು ಅವತ್ತೇ ಗಾಲಿಗಳನ್ನು ತೆಗೆದುಕೊಂಡು ಉಪ್ಪುಬಾವಿಗೆ ಹೋಗಬೇಕೆಂದಿದ್ದ. ಯಾರಿಗೆ ನೀರು ಎಂದು ಬೆಸ್ಸಿ ಕೇಳಿದಳು. ಅವನು ಎತ್ತಿದ್ದ ಗಾಲಿಯನ್ನು ಕೆಳಗಿಟ್ಟ. ಮುದುಕಿ ಮುಂದಿನ ಚಳಿಗಾಲ ದಾಟಲಿಲ್ಲ. ಅರ್ಲೀನ್ ಅವನಿಗೆ ಸುದ್ದಿ ಕಳಿಸಲಿಲ್ಲ. ಮಣ್ಣು ಮಾಡಿ ಎಷ್ಟೋ ದಿನದ ಮೇಲೆ ಸಂತೆಯಲ್ಲಿ ಯಾರೋ ಹೇಳಿದರು. ಅರ್ಲೀನಳ ಮಗಳೂ ಆ ಹುಡುಗನೂ ಫೀನಿಕ್ಸಿಗೆ ಹೊರಟುಹೋದರು, ಆ ಮನೆ ಬೀಗ ಹಾಕಿಕೊಂಡಿದೆ. ಅರ್ಲೀನ್ ಪಿಕಪ್ಪಿನಲ್ಲಿ ತಾನೇ ನೀರು ತರುತ್ತಾಳೆ. ಮಳೆ ಬಿದ್ದರೆ ನುಣುಪು ಟೈರ್ ಜೇಡಿಯಲ್ಲಿ ತಿರುಗಿ ನಿಲ್ಲುತ್ತದೆ, ದಾರಿ ಒಣಗುವವರೆಗೆ ಅಲ್ಲೇ ಕೂತಿರುತ್ತಾಳಂತೆ.

ಗಾಲಿಗಳನ್ನು ವಿಲ್ಬರ್ಟ್ ಕೊನೆಗೆ ಪಕ್ಕದ ಝೂನಿ ಊರಿನ ಕಡೆಯ ಒಬ್ಬನಿಗೆ ಕೊಟ್ಟ, ಕೊಂಡವನು ಹೇಳಿದ ಬೆಲೆಗೇ. ಟೈರ್ ಹೇಗಿದೆ ಎಂದು ಆ ಮನುಷ್ಯ ಕೇಳಿದಾಗ ನಾನೂ ಅಲ್ಲಿದ್ದೆ.

“ಒಳ್ಳೇದು,” ಎಂದ ವಿಲ್ಬರ್ಟ್. “ಯಾವ ದಾರಿಗಾದ್ರೂ ಆಗತ್ತೆ.”

ಅಷ್ಟು ಹೇಳಿ ಬೆಸ್ಸಿಯ ಗಾಡಿ ಹತ್ತಿ, ಅವಳ ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡ.