ಮೊದಲ ಚಿಟಿಕೆ

ಕಾಗದದ ಪೊಟ್ಟಣದೊಳಗೆ, ಕಂದು ಪುಡಿಯ ಮೇಲೆ, ಒಂದೇ ಒಂದು ಲವಂಗವಿತ್ತು.

ನಾನು ಔಷಧ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಶಿಕಾರಿಪುರ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಿಂದ ಕಳೆದ ವಾರ ಬಂದ ಮಾದರಿ ಅದು. ಊರಿನವರೊಬ್ಬರು ಮಂಡಿನೋವಿಗೆ ಕೊಡುವ ಬೇರಿನ ಪುಡಿ ಎಂದು ಚೀಟಿಯಲ್ಲಿ ಬರೆದಿತ್ತು. ಲವಂಗವನ್ನು ಚಿಮಟದಿಂದ ಎತ್ತಿ ಪಕ್ಕಕ್ಕಿಟ್ಟೆ. ಅದರ ವಾಸನೆ ಮಾತ್ರ ಹೋಗಲಿಲ್ಲ...

ನನ್ನೂರು ಕುಪ್ಪಗಡ್ಡೆಯಲ್ಲಿ ನಮ್ಮ ಎದುರು ಮನೆಯ ಅಜ್ಜಿ ಕೂಡ ಪೊಟ್ಟಣಕ್ಕೊಂದು ಲವಂಗ ಹಾಕುತ್ತಿದ್ದರು. ಊರಿಗೆಲ್ಲ ಅವರು ಮದ್ದಿನಜ್ಜಿ. ಮಂಡಿ ಹಿಡಿದುಕೊಂಡು ಬಂದವರ ಎದುರೇ ಡಬ್ಬಿ ತೆರೆದು, ಮೊದಲ ಚಿಟಿಕೆಯನ್ನು ತಾವೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ನುಂಗಿದ ಮೇಲೆಯೇ ಪೊಟ್ಟಣ ಕಟ್ಟುವುದು. ಮದ್ದಿನ ಜೊತೆಗೇ ಅತ್ತೆಯಿಂದ ಕಲಿತ ನೇಮವಂತೆ.

"ಕೊಡೋಳು ತಿನ್ನದೇ ಇದ್ದಿದ್ದನ್ನ ತಗಳೋರು ಯಾಕೆ ತಿನ್ಬೇಕು?" ಎನ್ನುತ್ತಿದ್ದರು.

ಬಂದವರು ಮೂರು ದಿನ ಪುಡಿ ತಿಂದು ಬಿಡುತ್ತಿದ್ದರು. ಅಜ್ಜಿಯದು ಮಾತ್ರ ದಿನವೂ ಹತ್ತು ಹನ್ನೆರಡು ಚಿಟಿಕೆ. ಆಗ ಅದು ಬರೀ ಬೇರು. ಚಂದ್ರಗುತ್ತಿ ಗುಡ್ಡದ ಕಡೆ ಹೋಗಿ ತಾವೇ ಅಗೆದು ತಂದು, ನೆರಳಲ್ಲಿ ಒಣಗಿಸಿ ಕುಟ್ಟಿದ್ದು. ಗುಡ್ಡ ಹತ್ತಲು ಆಗದಂತಾದ ಮೇಲೆ, ಸಂತೆಗೆ ಬರುವ ವ್ಯಾಪಾರಿಯೊಬ್ಬನಿಂದ ಅದೇ ಬೇರಿನ ಪುಡಿಯೆಂದು ತರಿಸಿಕೊಳ್ಳತೊಡಗಿದರು. ನೋವು ಮೊದಲಿಗಿಂತ ಬೇಗ ಇಳಿಯುತ್ತದೆ ಎಂದು ಜನ ಹೊಗಳಿದರು.

ಎಂ.ಫಾರ್ಮ ಓದುತ್ತಿದ್ದಾಗ ರಜೆಗೆ ಊರಿಗೆ ಬಂದಿದ್ದೆ. ಅಜ್ಜಿಯ ಮುಖ ದುಂಡಗಾಗಿತ್ತು. "ಮದ್ದಿನಜ್ಜಿಗೆ ಮತ್ತೆ ಪ್ರಾಯ ಬಂದದೆ" ಎಂದು ಅಮ್ಮ ನಕ್ಕಳು. ನಾನು ಅವರ ತೋಳುಗಳನ್ನು ನೋಡಿದೆ. ಅವು ಸೊರಗಿದ್ದವು, ಅಲ್ಲಲ್ಲಿ ಚರ್ಮ ನೀಲಿಗಟ್ಟಿತ್ತು. ಪರೀಕ್ಷೆಗೆ ಸ್ವಲ್ಪ ಪುಡಿ ಕೊಡಿ ಎಂದು ಕೇಳಿದೆ.

"ನಿಂದೆಂಥ ಪರೀಕ್ಷೆ ಮಾರಾಯ್ತಿ? ನನ್ನ ನಾಲಿಗೆಗಿಂತ ದೊಡ್ಡದನಾ?"

"ನಾಲಿಗೆಗೆ ಗೊತ್ತಾಗದೇ ಇರೋದೂ ಇರ್ತದೆ, ಅಜ್ಜಿ."

"ತಗಂಡ್ಹೋಗು ಹಂಗಾರೆ. ಫೇಲಾದ್ರೆ ಊರಿಗೆಲ್ಲ ಸಾರ್ಬೇಡ, ನಂಗೊಬ್ಳಿಗೇ ಹೇಳು."

ಒಂದು ಪುಡಿಯನ್ನು ಪರೀಕ್ಷಿಸುವುದೆಂದರೆ ಎರಡು ಪ್ರಶ್ನೆ ಕೇಳುವುದು. ಇದೆ ಎಂದು ಹೇಳಿದ್ದು ಇದೆಯೇ? ಹೇಳದೇ ಇದ್ದದ್ದು ಏನಾದರೂ ಇದೆಯೇ? ಕಾಲೇಜಿನ ಪ್ರಯೋಗಾಲಯದಲ್ಲಿ ಪುಡಿಯ ಸಾರವನ್ನು ಲೇಪನವಿರುವ ಗಾಜಿನ ತಟ್ಟೆಯ ಮೇಲೆ ಏರಲು ಬಿಟ್ಟು, ನೇರಳಾತೀತ ದೀಪದಡಿ ಹಿಡಿದೆ. ಬೇರಿನ ಗುರುತುಗಳೆಲ್ಲ ಇದ್ದವು. ಅವುಗಳ ನಡುವೆ ಇನ್ನೊಂದು ಕಪ್ಪು ಚುಕ್ಕೆ. ಪಕ್ಕದಲ್ಲೇ ಹೋಲಿಕೆಗೆ ಇಟ್ಟ ಸ್ಟೀರಾಯ್ಡ್‌ನ ಚುಕ್ಕೆಗೆ ಸರಿಸಮ. ಯಂತ್ರದಲ್ಲಿ ಮತ್ತೆರಡು ಸಲ ನೋಡಿದೆ. ಅದೇ ಬಂತು. ನನಗೆ ಹೆಮ್ಮೆಯಾಗಿತ್ತು, ಅದನ್ನು ಇಲ್ಲಿ ಬರೆಯಲೇಬೇಕು.

ಮುಂದಿನ ಭಾನುವಾರವೇ ಊರಿಗೆ ಹೋಗಿ, ಅಜ್ಜಿ ಕೇಳಿಕೊಂಡಂತೆ ಅವರೊಬ್ಬರಿಗೇ ಹೇಳಿದೆ. ವ್ಯಾಪಾರಿಯ ಪುಡಿಯಲ್ಲಿ ಇಂಗ್ಲಿಷ್ ಔಷಧ ಬೆರೆತಿದೆ, ನೋವು ಇಳಿಯುವುದು ಅದರಿಂದ, ಅದು ಮೈಗೆ ಕೆಡುಕು.

ಅಜ್ಜಿ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದರು. "ಹಂಗಾದ್ರೆ ಇಷ್ಟು ದಿನ ನಾ ಕೊಟ್ಟಿದ್ದು ವಿಷವೇನೇ?"

"ವಿಷ ಅಲ್ಲ, ಅಜ್ಜಿ. ಆದ್ರೆ ಇವತ್ತಿಂದ್ಲೇ ನಿಲ್ಸಿ. ಒಂದು ಚಿಟಿಕೆನೂ ಬೇಡ."

ಒಂದು ಚಿಟಿಕೆನೂ ಬೇಡ... ನಾನು ಆಡಿದ್ದು ಇದೇ ಮಾತು.

ಅಜ್ಜಿ ಅಂದೇ ಪುಡಿಯನ್ನೆಲ್ಲ ಹಿತ್ತಿಲಲ್ಲಿ ಹೂತು, ಡಬ್ಬಿ ತೊಳೆದು ಕವುಚಿಟ್ಟರು. ಬಂದವರನ್ನು ಆಸ್ಪತ್ರೆಗೆ ಹೋಗಿ ಎಂದು ವಾಪಸು ಕಳಿಸಿದರು. ಅವರ ಬಾಯಿಗೂ ಮತ್ತೆ ಒಂದು ಚಿಟಿಕೆ ಹೋಗಲಿಲ್ಲ. ಹೇಳಿದ್ದನ್ನು ಅಕ್ಷರಶಃ ಪಾಲಿಸುವವರು ಅವರು. ನಾನು ಕಾಲೇಜಿಗೆ ಮರಳಿದೆ.

ಎರಡು ವಾರವೂ ಆಗಿರಲಿಲ್ಲ, ಅಮ್ಮನ ಫೋನು ಬಂತು. ಅಜ್ಜಿಗೆ ವಾಂತಿ, ಎದ್ದು ಕೂರಲೂ ಆಗದಷ್ಟು ನಿತ್ರಾಣ. ಸೊರಬದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರು. ಮರುದಿನ ಇನ್ನೊಂದು ಫೋನು. ವಯಸ್ಸಾಗಿತ್ತು ಎಂದರು ಎಲ್ಲರೂ.

ನಾನು ನನ್ನ ನೋಟ್ಸ್ ತೆಗೆದು ನೋಡಿದೆ. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಮುಖ ದುಂಡಗಾಗುತ್ತದೆ, ತೋಳು ಸೊರಗುತ್ತದೆ; ಅವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಕಣ್ಗಾವಲಿನಲ್ಲಿ ನಿಧಾನವಾಗಿ ಇಳಿಸಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ. ನನ್ನದೇ ಅಕ್ಷರ. ಕೆಳಗೆ ಕೆಂಪು ಶಾಯಿಯ ಗೆರೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ಪಡೆದಿದ್ದೆ. ಪುಡಿಯೊಳಗೆ ಏನಿದೆ ಎಂದು ಅಷ್ಟು ಎಚ್ಚರದಿಂದ ನೋಡಿದವಳಿಗೆ, ನಿಲ್ಲಿಸಿ ಎನ್ನುವಾಗ ಅದನ್ನು ದಿನವೂ ತಿನ್ನುತ್ತಿದ್ದವರು ಯಾರು ಎಂಬುದು ಕಾಣಲಿಲ್ಲ. ಅವರ ಸಾವಿಗೆ ಅದೇ ಕಾರಣವೆಂದು ಯಾರೂ ಬರೆದುಕೊಟ್ಟಿಲ್ಲ. ಅಲ್ಲವೆಂದೂ ಬರೆದುಕೊಟ್ಟಿಲ್ಲ. ಈ ಮಾತನ್ನು ಅಮ್ಮನಿಗೂ ಹೇಳಿಲ್ಲ.

ನಿನ್ನೆ ಸಂಜೆ, ಲವಂಗವಿದ್ದ ಆ ಮಾದರಿಯ ಫಲಿತಾಂಶ ಬಂತು. ಅದೇ ಚುಕ್ಕೆ, ಅದೇ ಎತ್ತರದಲ್ಲಿ. ವರದಿಯ ನಮೂನೆಯಲ್ಲಿ ಬರೆಯಲು ಇದ್ದದ್ದು ಒಂದೇ ಸಾಲಿನ ಜಾಗ. ಬರೆದು ಸಹಿ ಮಾಡಿದೆ.

ಇವತ್ತು ಬೆಳಿಗ್ಗೆ ಆರೋಗ್ಯ ಕೇಂದ್ರ ತೆರೆಯುವ ಹೊತ್ತಿಗೆ ನಾನೇ ಫೋನು ಮಾಡಿದೆ. ಎತ್ತಿದವರು ಅಲ್ಲಿನ ನರ್ಸ್. ಪುಡಿಯಲ್ಲಿ ಸ್ಟೀರಾಯ್ಡ್ ಇದೆ, ಆದರೆ ತಿನ್ನುತ್ತಿರುವವರಿಗೆ ಒಮ್ಮೆಲೇ ಬಿಡಿ ಎನ್ನಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಎಂದೆ. ಅವರು ಎಲ್ಲವನ್ನೂ ಬರೆದುಕೊಂಡರು.

"ಪುಡಿ ಕೊಡೋರನ್ನೂ ಕರ್ಕೊಂಡು ಬನ್ನಿ" ಎಂದೆ.

"ಕೊಡೋರಿಗೇನ್ ಆಗೇತ್ರೀ ಮೇಡಮ್? ಗಟ್ಟಿ ಅದಾರ್ರೀ ಅವ್ರು. ಮುಖ ನೋಡ್ಬೇಕು ನೀವು, ದುಂಡಗೆ..."

"ಅವರನ್ನೇ ಮೊದಲು ಕರ್ಕೊಂಡು ಬನ್ನಿ" ಎಂದೆ. "ಇವತ್ತೇ."